ಹದಿನೆಂಟು ಕಿಲೋ ನೆನಪು

1976ರಲ್ಲಿ ಇಲಿನಾಯ್‌ಗೆ ಓದಲು ಬಂದವನು ಮೊದಲ ಸ್ಟೈಪೆಂಡಿನಲ್ಲಿ ಕೊಂಡದ್ದು ಕಂದು ಬಣ್ಣದ ಒಂದು ಸೆಕೆಂಡ್‌ಹ್ಯಾಂಡ್ ಶ್ವಿನ್ ವಾರ್ಸಿಟಿ ಸೈಕಲ್ಲು. ಮಂಡ್ಯದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತ ನನಗೆ ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಹತ್ತು ಗೇರು ಎರಡೂ ಕಣ್ಣು ಕುಕ್ಕಿದ್ದವು. ನಿವೃತ್ತನಾದ ಮೇಲೆ ಗ್ಯಾರೇಜಿನಲ್ಲಿ ಕೂತು ಇಂಥವನ್ನೇ ರಿಪೇರಿ ಮಾಡುತ್ತಿದ್ದೇನೆ. "ಊರಲ್ಲೇ ಸೈಕಲ್ ಶಾಪ್ ಇಟ್ಟಿದ್ರೆ ವಿಮಾನದ ಚಾರ್ಜಾದ್ರೂ ಉಳೀತಿತ್ತು" ಅನ್ನುತ್ತಾಳೆ ಹೆಂಡತಿ. ಕೈಗೆ ಗ್ರೀಸು ಹತ್ತಿಸಿಕೊಂಡು ಕಲಿತದ್ದು ಇಷ್ಟು.

1. ತೂಕ ನೋಡಿ ಮೂಗು ಮುರಿಯಬೇಡಿ.

ಈಗಿನ ಹುಡುಗರು ವಾರ್ಸಿಟಿಯನ್ನು ಎತ್ತಿ ನೋಡಿ ನಗುತ್ತಾರೆ. ಹದಿನೆಂಟು ಕಿಲೋ ಹತ್ತಿರ ಬರುತ್ತದೆ. ಶ್ವಿನ್‌ನವರು ಚಿಕಾಗೋದಲ್ಲಿ ಇದರ ಉಕ್ಕಿನ ಕೊಳವೆಗಳನ್ನು ವಿದ್ಯುತ್ತಿನಿಂದ ಕಾಯಿಸಿ, ಒತ್ತಿ ಬೆಸೆಯುತ್ತಿದ್ದರು. ಕೀಲುಗಳನ್ನು ಉಜ್ಜಿ ನುಣುಪು ಮಾಡುತ್ತಿದ್ದುದರಿಂದ ಬೆಸೆದ ಗುರುತೇ ಕಾಣುವುದಿಲ್ಲ. ಸ್ಟ್ಯಾಂಡೂ ಫ್ರೇಮಿಗೇ ಬೆಸೆದದ್ದು. ಅದೇ ಕಂಪನಿಯ ಪ್ಯಾರಾಮೌಂಟ್ ಹಗುರವಾಗಿತ್ತು, ಆದರೆ ಅದು ಕೈಯಲ್ಲಿ ಕಟ್ಟಿದ ರೇಸಿನ ಸೈಕಲ್ಲು, ವಿದ್ಯಾರ್ಥಿಯ ಜೇಬಿನದ್ದಲ್ಲ. ವಾರ್ಸಿಟಿಯನ್ನು ಮಳೆಯಲ್ಲಿ ಬಿಟ್ಟರೂ, ಮರಕ್ಕೆ ಗುದ್ದಿದರೂ ಬದುಕುತ್ತಿತ್ತು. ಐವತ್ತು ವರ್ಷದ ಮೇಲೂ ಜನರ ಗ್ಯಾರೇಜುಗಳಲ್ಲಿ ಇವು ಸಿಗುತ್ತಿರುವುದು ಆ ತೂಕದ ದೆಸೆಯಿಂದಲೇ. ಒಂದು ತಮಾಷೆಯೆಂದರೆ, ಜೊತೆಯ ಅಮೆರಿಕದ ಹುಡುಗರು ಆಗಲೂ ಭಾರ ಭಾರ ಎಂದು ಗೊಣಗುತ್ತಿದ್ದರು. ಊರಿನ ಕಪ್ಪು ಸೈಕಲ್ಲಿನ ಕ್ಯಾರಿಯರಿಗೆ ರಾಗಿ ಮೂಟೆ ಕಟ್ಟಿ ತುಳಿದಿದ್ದ ನನಗೆ ಹಾಗೇನೂ ಅನಿಸಿರಲಿಲ್ಲ.

2. ಹತ್ತು ಗೇರು ಅಂದರೆ ಹತ್ತಲ್ಲ.

ಮುಂದೆ ಎರಡು ಚಕ್ರ, ಹಿಂದೆ ಐದು; ಗುಣಿಸಿದರೆ ಹತ್ತು. ನನ್ನದರಲ್ಲಿ ಮುಂದಿನವು 52 ಮತ್ತು 39 ಹಲ್ಲಿನವು. 52ನ್ನು ಹಿಂದಿನ 28ರ ಜೊತೆ ಹಾಕಿದರೂ, 39ನ್ನು 20ರ ಜೊತೆ ಹಾಕಿದರೂ ತುಳಿತ ಹೆಚ್ಚುಕಮ್ಮಿ ಒಂದೇ. ದೊಡ್ಡದಕ್ಕೆ ದೊಡ್ಡದು, ಚಿಕ್ಕದಕ್ಕೆ ಚಿಕ್ಕದು ಹಾಕಿದರೆ ಚೈನು ಓರೆಯಾಗಿ ಕಿರುಗುಟ್ಟುತ್ತದೆ. ಕಳೆದು ಉಳಿದವು ಆರೋ ಏಳೋ. ಇಲಿನಾಯ್‌ನ ಹಪ್ಪಳದಂಥ ನೆಲಕ್ಕೆ ಎರಡೇ ಸಾಕಿತ್ತು!

3. ಗೇರನ್ನು ಕಿವಿಯಿಂದ ಹಾಕಬೇಕು.

ಆ ಕಾಲದ ಲಿವರಿಗೆ ಟಕ್ಕೆಂದು ಕೂರುವ ಮನೆಯಿಲ್ಲ. ತುಳಿಯುತ್ತಲೇ ಎಳೆಯಬೇಕು, ಚೈನಿನ ಗರಗರ ನಿಂತಲ್ಲಿ ಬಿಡಬೇಕು. ಏರಿನಲ್ಲಿ ಗೇರು ತಾನಾಗಿ ಜಾರಿದರೆ ಚೈನನ್ನು ಸರಿಸುವ ಹಿಂದಿನ ಡಿರೇಲರನ್ನು ಬಿಚ್ಚಲು ಹೋಗಬೇಡಿ, ಮೊದಲು ಲಿವರಿನ ತಿರುಪು ಬಿಗಿಮಾಡಿ. ಇದು ತಿಳಿಯದೆ ನಾನು ಒಂದಿಡೀ ಭಾನುವಾರ ಕಳೆದೆ.

4. ಎಡಗಡೆ ಎಲ್ಲಾ ಉಲ್ಟಾ.

ವಾರ್ಸಿಟಿಯ ಕ್ರ್ಯಾಂಕು ಒಂದೇ ಉಕ್ಕಿನ ಸರಳನ್ನು ಬಗ್ಗಿಸಿ ಮಾಡಿದ್ದು. ನಮ್ಮೂರಿನ ಮೇಸ್ತ್ರಿಗಳು ಸುತ್ತಿಗೆ ಹಿಡಿದು ಶಪಿಸುತ್ತಿದ್ದ ಕಾಟರ್ ಪಿನ್ ಇಲ್ಲಿಲ್ಲ. ಎಡ ಪೆಡಲು, ಎಡ ನಟ್ಟು ಬಿಚ್ಚಿದರೆ ಇಡೀ ಕ್ರ್ಯಾಂಕು ಬಲಗಡೆಯಿಂದ ಹೊರಬರುತ್ತದೆ. ಆದರೆ ಎರಡರದ್ದೂ ಉಲ್ಟಾ ಮರೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು.

5. ಟೈರಿನ ಮೇಲಿನ ಅಂಕಿ ಓದಿ, ರಿಮ್ಮಿನ ಮಾತು ಕೇಳಿ.

ಈ ಸೈಕಲ್ಲುಗಳದ್ದು 27 ಇಂಚಿನ ಟೈರು, ರಿಮ್ಮಿನ ಮೇಲೆ ಅದು ಕೂರುವ ಜಾಗದ ವ್ಯಾಸ 630 ಮಿಲಿಮೀಟರ್. ಈಗಿನ 700ಸಿ ಟೈರಿನದ್ದು 622. ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳು, ಒಂದರ ರಿಮ್ಮಿಗೆ ಇನ್ನೊಂದರ ಟೈರು ಕೂರುವುದಿಲ್ಲ. ಹಳೇ ಕ್ರೋಮಿನ ರಿಮ್ಮಿನ ಒಳಅಂಚಿಗೆ ಟೈರನ್ನು ಹಿಡಿಯುವ ಕೊಕ್ಕೆಯೂ ಇಲ್ಲ. ಹೊಸ ಟೈರಿನ ಮೇಲೆ 90 ಪೌಂಡ್ ಅಂತ ಬರೆದಿತ್ತೆಂದು ಅಷ್ಟೂ ಗಾಳಿ ಹೊಡೆದೆ. ಊಟ ಮುಗಿಸಿ ಮಜ್ಜಿಗೆಗೆ ಕೈ ಹಾಕುವಾಗ ಗ್ಯಾರೇಜಿನಲ್ಲಿ ಲಕ್ಷ್ಮೀ ಪಟಾಕಿ ಸಿಡಿಯಿತು. ಪಕ್ಕದ ಮನೆಯವರು ಟಾರ್ಚು ಹಿಡಿದು ಓಡಿ ಬಂದರು. ಅಂದಿನಿಂದ 70 ದಾಟಿಸಿಲ್ಲ.

6. ಮಳೆಯಲ್ಲಿ ಬ್ರೇಕು ನಂಬಬೇಡಿ.

ಒದ್ದೆ ಕ್ರೋಮು ರಬ್ಬರನ್ನು ಹಿಡಿಯುವುದಿಲ್ಲ. ಅಷ್ಟೇ.

7. ರಿಪೇರಿಗೆ ಮುಂಚೆ ಕೇಳಿ: ಓಡಿಸುವುದಕ್ಕೋ, ನೆನಪಿಗೋ?

1973ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಸೈಕಲ್ಲು ಸುಮಾರು ಒಂದೂವರೆ ಕೋಟಿ, ಕಾರುಗಳಿಗಿಂತ ಹೆಚ್ಚು. ಅವನ್ನು ಕೊಂಡಿದ್ದ ಹುಡುಗರಿಗೆ ಈಗ ಎಪ್ಪತ್ತರ ಆಸುಪಾಸು. ಅಂಥವರೊಬ್ಬರ ಹಳದಿ ಶ್ವಿನ್ ಕಾಂಟಿನೆಂಟಲಿಗೆ ಜಾಣತನ ತೋರಿಸಲು ಹೋಗಿ ಅಲ್ಯೂಮಿನಿಯಂ ರಿಮ್ಮು, ಮೆತ್ತನೆ ಸೀಟು, ಹೊಸ ಫ್ರೀವೀಲು ಹಾಕಿಕೊಟ್ಟೆ. ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತು. ಬೀದಿಯ ಕೊನೆವರೆಗೆ ಹೋಗಿ ಬಂದು, "ಚೆನ್ನಾಗಿದೆ, ಆದರೆ ಇದು ನನ್ನದಲ್ಲ" ಅಂದರು. ಎಲ್ಲಾ ಬಿಚ್ಚಿ ಹಳೆಯದನ್ನೇ ಹಾಕಿದೆ. ಬ್ರೇಕಿನ ಕಟ್ಟೆಗಳನ್ನು ಮಾತ್ರ ಹೊಸದೇ ಉಳಿಸಿದೆ, ಹೇಳಲಿಲ್ಲ.

8. ತಲೆಕೊಳವೆಯ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಎಪ್ಪತ್ತರ ದಶಕದ ಶ್ವಿನ್‌ಗಳಲ್ಲಿ ಹ್ಯಾಂಡಲ್ ಕೂರುವ ಕೊಳವೆಯ ಮೇಲೆ ಎರಡು ಅಕ್ಷರ, ಕೆಲವು ಅಂಕಿ ಕೊರೆದಿರುತ್ತವೆ. ಮೊದಲ ಅಕ್ಷರ ತಿಂಗಳು, ಎರಡನೆಯದು ವರ್ಷ. 'ಎ' ಅಂದರೆ 1965. ನನ್ನ ಸೈಕಲ್ಲನ್ನು ಕೆಲಸ ಸಿಕ್ಕ ವಾರವೇ ಮಾರಿದೆ, ಕಾರು ಕೊಳ್ಳುವ ಆತುರ. ನಂಬರ್ ಬರೆದಿಟ್ಟುಕೊಂಡಿರಲಿಲ್ಲ. ಮೇಲಿನ ಕೊಳವೆಯಲ್ಲಿ, ಸೀಟಿನಿಂದ ಒಂದು ಗೇಣು ಮುಂದೆ, ಉಗುರಿನಷ್ಟು ತಗ್ಗಿತ್ತು. ಕಂದು ವಾರ್ಸಿಟಿ ಯಾವುದೇ ಬರಲಿ, ಪಾನ ಕೈಗೆತ್ತಿಕೊಳ್ಳುವ ಮೊದಲು ಅಲ್ಲಿ ಬೆರಳಾಡಿಸುತ್ತೇನೆ.