ಬಿಸಿಲುನಾಡಿನ ಪ್ರವಾಸ: ಎಷ್ಟು ನೀರು, ಯಾವ ಹೊತ್ತು?

ಮರುಭೂಮಿಯೆಂದೊಡನೆ ಮರಳ ದಿಬ್ಬಗಳೂ ಒಂಟೆಗಳೂ ನಮ್ಮ ಕಣ್ಣಿಗೆ ಕಟ್ಟುತ್ತವೆ. ಆ ಅರ್ಥದಲ್ಲಿ ಕನ್ನಡನಾಡಿನಲ್ಲಿ ಮರುಭೂಮಿಯಿಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗೂ ಕಡಿಮೆ; ಕಲಬುರಗಿಯ ಸೀಮೆಯಲ್ಲಿ ಅದರ ಮೂರು ನಾಲ್ಕು ಪಟ್ಟು ಬೀಳುತ್ತದೆ. ಆದರೆ ಈ ಮಳೆಯ ಬಹುಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದು ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಅಲ್ಲಿ ಸಾಮಾನ್ಯ. ಭೂಗೋಳದ ಪುಸ್ತಕ ಏನೇ ಹೇಳಲಿ, ಮನುಷ್ಯ ಶರೀರದ ಮಟ್ಟಿಗೆ ಆ ಎರಡು ತಿಂಗಳು ಅದು ಮರುಭೂಮಿಯೇ. ವಿದ್ಯಾರ್ಥಿಗಳಿಗೆ ರಜೆ ದೊರೆಯುವುದೂ ಆಗಲೇ!

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಈ ಐದು ಊರುಗಳನ್ನು ಸುತ್ತಿ, ಅವುಗಳ ಆಸುಪಾಸಿನ ನೋಡತಕ್ಕ ಸ್ಥಳಗಳನ್ನು ನೋಡಿಬರಲು ನಾಲ್ವರು ಮಿತ್ರರು ಮೋಟಾರು ಗಾಡಿಯಲ್ಲಿ ಹೊರಟಿದ್ದಾರೆಂದು ಭಾವಿಸೋಣ. ಅವರು ಮೊದಲು ಕೇಳುವ ಪ್ರಶ್ನೆ ‘ಎಷ್ಟು ದೂರ?’ ಎಂಬುದು. ಇದು ಸುಲಭದ ಪ್ರಶ್ನೆ. ಭೂಪಟದ ಮೇಲೆ ಒಂದು ದಾರವನ್ನು ರಸ್ತೆಯ ತಿರುವುಗಳಿಗೆ ಅನುಸಾರವಾಗಿ ಇಟ್ಟು, ಬಳಿಕ ಅದನ್ನು ಅಳತೆಗೋಲಿನ ಮೇಲೆ ನೀಳವಾಗಿ ಹಿಡಿದರೆ ಉತ್ತರ ದೊರೆಯುತ್ತದೆ. ವಾಡಿಯಿಂದ ಸನ್ನತಿಗೆ ನೇರಗೆರೆಯಲ್ಲಿ ಸುಮಾರು 25 ಕಿಲೋಮೀಟರು, ಸೇಡಂನಿಂದ ಚಿಂಚೋಳಿಗೆ ಸುಮಾರು 34. ರಸ್ತೆಯ ಬಳಸಿಗೆ ಇದರ ಮೂರನೆಯ ಒಂದು ಪಾಲನ್ನು ಕೂಡಿಸಿಕೊಂಡರೆ ಹೆಚ್ಚು ತಪ್ಪಾಗದು. ಇವೇನೂ ಭಾರಿ ದೂರಗಳಲ್ಲ. ಕಷ್ಟದ ಪ್ರಶ್ನೆಗಳು ಬೇರೆ ಎರಡಿವೆ: ಯಾವ ಹೊತ್ತಿನಲ್ಲಿ ಎಲ್ಲಿರಬೇಕು? ಎಷ್ಟು ನೀರನ್ನು ಒಯ್ಯಬೇಕು?

ಎರಡನೆಯದನ್ನೇ ಮೊದಲು ಎತ್ತಿಕೊಳ್ಳೋಣ; ಪ್ರಾಣಕ್ಕೆ ಸಂಬಂಧಿಸಿದ್ದು ಅದು.

ನಮ್ಮ ಶರೀರ ಒಂದು ಒಲೆಯಂತೆ. ಸುಮ್ಮನೆ ಕುಳಿತಿದ್ದರೂ ಅದು ಗಂಟೆಗೆ ಸುಮಾರು 90 ಕಿಲೋಕ್ಯಾಲೊರಿ ಶಾಖವನ್ನು ಉತ್ಪಾದಿಸುತ್ತದೆ. ನಿಧಾನವಾಗಿ ನಡೆಯುತ್ತಿದ್ದರೆ ಸುಮಾರು 200. ಒಳಗಿನ ಉಷ್ಣತೆ 37 ಡಿಗ್ರಿಯ ಸುಮಾರಿನಲ್ಲೇ ನಿಲ್ಲಬೇಕಾದರೆ ಈ ಶಾಖವೆಲ್ಲ ಹೊರಗೆ ಹೋಗಬೇಕು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ 25 ಡಿಗ್ರಿಯಿದ್ದಾಗ ಶಾಖ ತಾನಾಗಿಯೇ ಚರ್ಮದಿಂದ ಗಾಳಿಗೆ ಹರಿಯುತ್ತದೆ. ಗಾಳಿ 42 ಡಿಗ್ರಿಯಾದಾಗ ಪ್ರವಾಹ ತಿರುಗುಮುರುಗಾಗುತ್ತದೆ. ಗಾಳಿಯೂ ಕಾದ ನೆಲವೂ ಸೂರ್ಯನೂ ಸೇರಿ ನಮಗೇ ಶಾಖವನ್ನು ಕೊಡುತ್ತವೆ. ಬಯಲಿನಲ್ಲಿ ನಡೆಯುವವನಿಗೆ ಈ ‘ಜಮೆ’ ಗಂಟೆಗೆ 100 ಕಿಲೋಕ್ಯಾಲೊರಿಗೆ ಕಡಿಮೆಯಿಲ್ಲ. ಒಟ್ಟು 300 ಆಯಿತು. ಇದನ್ನು ಖರ್ಚು ಮಾಡಲು ಉಳಿದಿರುವ ಮಾರ್ಗ ಒಂದೇ: ಬೆವರು ಆರುವುದು.

ಚರ್ಮದ ಮೇಲೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. 3,00,000 ಕ್ಯಾಲೊರಿಯನ್ನು 580ರಿಂದ ಭಾಗಿಸಿದರೆ 517 ಗ್ರಾಂ ಬರುತ್ತದೆ. ಎಂದರೆ ಮೇ ತಿಂಗಳ ಬಿಸಿಲಿನಲ್ಲಿ ಕೋಟೆಯನ್ನೋ ಸ್ತೂಪವನ್ನೋ ಸುತ್ತುವವನು ಗಂಟೆಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರನ್ನು ಬೆವರಾಗಿ ಕಳೆಯಲೇಬೇಕು. ಗಾಡಿಯ ನೆರಳಿನಲ್ಲಿ ಕಿಟಕಿ ತೆರೆದು ಕುಳಿತವನಿಗೂ ಬಿಸಿಗಾಳಿಯ ಹೊಡೆತದಿಂದ ಸುಮಾರು 0.4 ಲೀಟರು ಹೋಗುತ್ತದೆ. ನಾಲ್ಕು ಗಂಟೆಯ ನಡಿಗೆ, ಆರು ಗಂಟೆಯ ಗಾಡಿಯ ಪಯಣವೆಂದರೆ ಸುಮಾರು 4.5 ಲೀಟರು. ಶರೀರದ ಇತರ ಅಗತ್ಯಗಳನ್ನೂ, ಗಾಡಿ ಕೆಟ್ಟು ನಿಂತರೆ ಬೇಕಾಗುವುದನ್ನೂ ಸೇರಿಸಿ ತಲೆಗೆ 6 ಲೀಟರು ಎಂದಿಟ್ಟುಕೊಂಡರೆ ನಾಲ್ವರಿಗೆ 24 ಲೀಟರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸೀಸೆಯೆಂಬ ಸಿದ್ಧತೆ ಇಲ್ಲಿ ಏತಕ್ಕೂ ಸಾಲದು.

ಇಲ್ಲೊಂದು ಮೋಸವಿದೆ. ಮಂಗಳೂರಿನ ತೇವದ ಗಾಳಿಯಲ್ಲಿ ಬೆವರು ಆರದೆ ಅಂಗಿ ತೊಯ್ಯುವುದರಿಂದ, ನೀರು ಹೋಗುತ್ತಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಸೇಡಂನ ಒಣಗಾಳಿಯಲ್ಲಿ ಬೆವರು ಹುಟ್ಟಿದೊಡನೆಯೇ ಆರಿಹೋಗುತ್ತದೆ. ‘ನನಗೆ ಬೆವರೇ ಇಲ್ಲ’ ಎಂದು ಹೇಳುವವನೇ ಹೆಚ್ಚು ನೀರನ್ನು ಕಳೆದುಕೊಂಡಿರಬಹುದು. ಬಾಯಾರಿಕೆಯೂ ಅಗತ್ಯಕ್ಕಿಂತ ಹಿಂದೆ ಬೀಳುತ್ತದೆ. ಆದುದರಿಂದ ಬಾಯಾರಲೆಂದು ಕಾಯದೆ, ಅರ್ಧ ಗಂಟೆಗೊಮ್ಮೆ ಒಂದು ಲೋಟ ಕುಡಿಯುವುದು ಲೇಸು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆ ಒಳ್ಳೆಯದು. ಜೋಳದ ರೊಟ್ಟಿಯ ನಾಡಿನಲ್ಲಿ ಅದಕ್ಕೆ ಕೊರತೆಯಿಲ್ಲ. ಅದೇ ಒಣಗಾಳಿಯೇ ಮಣ್ಣಿನ ಹೂಜಿಯ ನೀರನ್ನು ತಣ್ಣಗಿಡುತ್ತದೆ. ಹೂಜಿಯ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ, ಬೇಕಾದ ಗುಪ್ತೋಷ್ಣವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುತ್ತದೆ. ನಮ್ಮ ಚರ್ಮವೂ ಹೂಜಿಯೂ ಒಂದೇ ನಿಯಮದಿಂದ ಬದುಕುತ್ತವೆ.

ಇನ್ನು ಹೊತ್ತಿನ ವಿಚಾರ. ಈ ಊರುಗಳು 17 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿವೆ. ಮೇ ತಿಂಗಳ ಮೊದಲೆರಡು ವಾರಗಳೊಳಗೆ ಒಂದು ದಿನ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಗೆ ಸರಿಯಾಗಿ ಬರುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಗಡಿಯಾರದಲ್ಲಿ ಆಗ 12 ಗಂಟೆ 18 ನಿಮಿಷದ ಸುಮಾರು. ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುವುದರಿಂದ ಈ ವ್ಯತ್ಯಾಸ. ಗಾಳಿ ಅತ್ಯಂತ ಕಾಯುವುದು ಇನ್ನೂ ತಡವಾಗಿ, ಮೂರು ಗಂಟೆಯ ಆಸುಪಾಸಿನಲ್ಲಿ. ಹನ್ನೊಂದರಿಂದ ನಾಲ್ಕೂವರೆಯವರೆಗಿನ ಕಾಲವನ್ನು ಪ್ರವಾಸದ ಲೆಕ್ಕದಿಂದ ತೆಗೆದುಹಾಕತಕ್ಕದ್ದೆಂಬುದೇ ನಮ್ಮ ಖಚಿತ ಅಭಿಪ್ರಾಯ. ಸೂರ್ಯೋದಯ 5-50ರ ಸುಮಾರಿಗೆ. ಅದಕ್ಕೆ ಮೊದಲೇ ಗಾಡಿ ಹೊರಡಬೇಕು.

ಇದರಿಂದ ಕಣ್ಣಿಗೂ ಲಾಭವಿದೆ. ಕಲ್ಲಿನ ಉಬ್ಬುಶಿಲ್ಪವೂ ಶಾಸನದ ಅಕ್ಷರವೂ ಎದ್ದು ಕಾಣುವುದು ಓರೆಬೆಳಕಿನ ನೆರಳಿನಿಂದ. ನಡುಹಗಲಿನಲ್ಲಿ ಅವು ಮಾಸಿಹೋಗುತ್ತವೆ.

ಹಾಗಾದರೆ ಮೊದಲ ದಿನ ನಸುಕಿನಲ್ಲಿ ಕಲಬುರಗಿಯಿಂದ ಹೊರಟು, ಶಹಾಬಾದ್, ವಾಡಿಗಳನ್ನು ಹಾದು ಭೀಮಾ ತೀರದ ಸನ್ನತಿಯನ್ನು ಸೇರೋಣ. ಸನ್ನತಿಯ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಹೊರಬಿತ್ತು. ಹತ್ತಿರದ ಕನಗನಹಳ್ಳಿಯಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಮಹಾಸ್ತೂಪದ ಒಂದು ಫಲಕದಲ್ಲಿ ಅಶೋಕನ ಚಿತ್ರವೂ, ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರೂ ಇವೆ. ಈ ಶಿಲ್ಪಗಳು ಸುಣ್ಣಕಲ್ಲಿನವು. ಶಹಾಬಾದಿನ ಫರಸಿಯೂ ಸುಣ್ಣಕಲ್ಲೇ. ವಾಡಿಯ ಸಿಮೆಂಟಿನ ಮೂಲದ್ರವ್ಯವೂ ಅದೇ. ಭೀಮಾ ಕಣಿವೆಯ ಈ ಪದರಶಿಲೆಯೇ ಪ್ರವಾಸದ ಬಹುಭಾಗದಲ್ಲಿ ನಮ್ಮ ಕಾಲಡಿಯಲ್ಲಿರುತ್ತದೆ.

ಫರಸಿಯ ಮನೆಗಳ ಬಗ್ಗೆ ಒಂದು ಮಾತು. ದಪ್ಪ ಕಲ್ಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಮಧ್ಯಾಹ್ನದ ವಿಶ್ರಾಂತಿಗೆ ಅಂಥ ಮನೆಯ ಒಳಗು ಯೋಗ್ಯ. ರಾತ್ರಿ ಎಂಟಕ್ಕೆ ಅದೇ ಗೋಡೆ ಹಗಲಿನ ಶಾಖವನ್ನು ಹೊರಸೂಸುತ್ತಿರುತ್ತದೆ. ಆಗ ಅಂಗಳದಲ್ಲಿ ಮಲಗುವ ಊರವರೇ ಬುದ್ಧಿವಂತರು.

ಸಂಜೆ ಚಿತ್ತಾಪುರದ ಬಳಿಯ ನಾಗಾವಿಯನ್ನು ನೋಡಬಹುದು. 11ನೆಯ ಶತಮಾನದಲ್ಲಿ ಅಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತೆಂದು ಶಾಸನ ಸಾರುತ್ತದೆ. ಮರುದಿನ ಬೆಳಗ್ಗೆ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯ ಈ ಕೋಟೆಯ ಊರು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಇದನ್ನಾಳಿದ ಅಮೋಘವರ್ಷನನ್ನು ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಂಡಾಡಿದ್ದಾನೆ. ಗಣಿತದ ವಿದ್ಯಾರ್ಥಿಗಳು ಇಲ್ಲಿ ಒಂದು ಗಂಟೆ ಹೆಚ್ಚಾಗಿ ನಿಂತರೂ ನಾವು ಆಕ್ಷೇಪಿಸುವುದಿಲ್ಲ, ಹನ್ನೊಂದರೊಳಗಾದರೆ! ಬಳಿಕ ಸೇಡಂನಲ್ಲಿ ವಿಶ್ರಾಂತಿ. ಇಳಿಹೊತ್ತಿನಲ್ಲಿ ಚಿಂಚೋಳಿಯ ದಾರಿ.

ಗಾಡಿಯ ಚಕ್ರಗಳಿಗೂ ಈ ಲೆಕ್ಕಾಚಾರ ಸಲ್ಲುತ್ತದೆ. ಬೆಳಗ್ಗೆ 27 ಡಿಗ್ರಿಯಲ್ಲಿ (300 ಕೆಲ್ವಿನ್) ಮಾಪಕವು 32 ಪೌಂಡು ತೋರಿಸಿದರೆ, ವಾಯುಮಂಡಲದ ಒತ್ತಡ ಸೇರಿ ನಿಜವಾದ ಒತ್ತಡ 47 ಪೌಂಡು. ಓಡಿದ ಟೈರಿನ ಗಾಳಿ 57 ಡಿಗ್ರಿಗೆ (330 ಕೆಲ್ವಿನ್) ಏರಿದಾಗ ಅದು ಹತ್ತರಲ್ಲೊಂದು ಪಾಲು ಹೆಚ್ಚಿ ಸುಮಾರು 52 ಆಗುತ್ತದೆ; ಮಾಪಕದಲ್ಲಿ 37. ಇದನ್ನು ಕಂಡು ಗಾಬರಿಯಿಂದ ಗಾಳಿಯನ್ನು ಬಿಡಬಾರದು. ಬಿಟ್ಟರೆ ಟೈರು ತಗ್ಗಿ, ಹೆಚ್ಚು ಬಾಗಿ ಬಳುಕಿ, ಇನ್ನಷ್ಟು ಕಾದು ಒಡೆಯುವ ಸಂಭವವೇ ಹೆಚ್ಚು. ಒತ್ತಡವನ್ನು ತಣ್ಣಗಿದ್ದಾಗಲೇ ಅಳೆಯಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಗಾಜು ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ಹಿಡಿದಿಡುತ್ತದೆ. ಅದರೊಳಗೆ ಮಗುವನ್ನು ಐದು ನಿಮಿಷವೂ ಬಿಟ್ಟುಹೋಗಬಾರದು.

ಇಷ್ಟಾಗಿಯೂ ಒಬ್ಬನಿಗೆ ತಲೆನೋವು, ವಾಕರಿಕೆ ಬಂದು, ಮಾತು ತಡವರಿಸಿದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು. ಒಳಗಿನ ಉಷ್ಣತೆ 40 ಡಿಗ್ರಿಯನ್ನು ದಾಟಿದರೆ ಅದು ಬಿಸಿಲಾಘಾತ. ನೆರಳಿಗೆ ಸಾಗಿಸಿ, ಮೈಯನ್ನೆಲ್ಲ ನೀರಿನಿಂದ ತೋಯಿಸಿ, ಬಿಡದೆ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರತಪ್ಪಿದವನ ಬಾಯಿಗೆ ನೀರು ಹಾಕಕೂಡದು.

ಕೊನೆಯ ಘಟ್ಟವಾದ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಚಂದ್ರಂಪಳ್ಳಿ ಜಲಾಶಯವೂ ಎತ್ತಿಪೋತ ಜಲಪಾತವೂ ಈ ಕಡೆಯೇ ಇವೆ. ಇದು ಎಲೆಯುದುರುವ ಶುಷ್ಕ ಅರಣ್ಯ. ಮೇ ತಿಂಗಳಲ್ಲಿ ಹಸುರನ್ನೂ ಧುಮುಕುವ ನೀರನ್ನೂ ನಿರೀಕ್ಷಿಸಿ ಹೋದವರು ನಿರಾಶರಾದಾರು. ಇದೊಂದನ್ನು ಮಳೆಗಾಲದ ಕೊನೆಗೆ ಮುಂದೂಡುವುದೇ ಮೇಲು. ಆದರೆ ಆಗ ಕಪ್ಪುಮಣ್ಣಿನ ಸ್ವಭಾವವನ್ನು ಅರಿತಿರಬೇಕು. ಅದರ ಜೇಡಿಯ ಕಣಗಳು ನೀರನ್ನು ಹೀರಿ ಉಬ್ಬುತ್ತವೆ. ಬೇಸಗೆಯಲ್ಲಿ ಗೇಣಗಲ ಬಿರಿದಿದ್ದ ನೆಲ ಒಂದು ದೊಡ್ಡ ಮಳೆಗೆ ಬೆಣ್ಣೆಯಂತಾಗುತ್ತದೆ. ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಘರ್ಷಣೆ ತಪ್ಪಿದರೆ, ಎಂಜಿನ್ನಿಗೆ ಎಷ್ಟು ಬಲವಿದ್ದರೂ ಗಾಡಿ ನಿಂತಲ್ಲೇ ಹೂಳುತ್ತದೆ. ಅಂಥ ದಿನ ಡಾಂಬರಿನ ಅಂಚಿನಲ್ಲಿಯೇ ಗಾಡಿಯನ್ನು ನಿಲ್ಲಿಸಿ, ಉಳಿದ ದಾರಿಯನ್ನು ನಡೆದೇ ಹೋಗತಕ್ಕದ್ದು.