ವಾರ್ಡಿಗೆ ಕಾಲಿಡುವ ಮುನ್ನ

ಆಕ್ಯುಪೇಷನಲ್ ಥೆರಪಿ ಓದುವ ವಿದ್ಯಾರ್ಥಿ ಮೇಲ್ವಿಚಾರಕರ ಕಣ್ಣಳತೆಯಲ್ಲಿ ಮೊದಲ ಸಲ ರೋಗಿಯ ಜೊತೆ ಕೆಲಸ ಮಾಡುವ ಅವಧಿಯನ್ನು ಕಾಲೇಜುಗಳಲ್ಲಿ ಕ್ಲಿನಿಕಲ್ ಪೋಸ್ಟಿಂಗ್ ಎನ್ನುತ್ತಾರೆ. ಈ ವೃತ್ತಿಯ ವಿಶ್ವ ಒಕ್ಕೂಟ ನಿಗದಿ ಮಾಡಿರುವ ಕನಿಷ್ಠ ಮಾನದಂಡದಂತೆ, ಪದವಿ ಮುಗಿಯುವುದರೊಳಗೆ ಪ್ರತಿ ವಿದ್ಯಾರ್ಥಿ 1000 ಗಂಟೆಯಾದರೂ ಹೀಗೆ ರೋಗಿಗಳ ನಡುವೆ ಕಳೆದಿರಬೇಕು. 1952ರಲ್ಲಿ ಆ ಒಕ್ಕೂಟವನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಅದಕ್ಕೂ ಎರಡು ವರ್ಷ ಮೊದಲೇ ಕಮಲಾ ನಿಂಬ್ಕರ್ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ತರಬೇತಿ ಶಾಲೆಯನ್ನು ಆರಂಭಿಸಿದ್ದರು. ಆ ಶಾಲೆ ಹುಟ್ಟಿದ್ದೇ ಆಸ್ಪತ್ರೆಯೊಳಗೆ ಎಂಬುದು ಗಮನಿಸಬೇಕಾದ ಸಂಗತಿ. ಈ ವಿದ್ಯೆ ಕೈಗೆ ಹತ್ತುವುದು ಹಾಸಿಗೆಯ ಪಕ್ಕದಲ್ಲಿ, ಊಟದ ತಟ್ಟೆಯ ಮುಂದೆ, ಬಚ್ಚಲಿನ ಬಾಗಿಲಲ್ಲಿ.

ಮೊದಲ ಪೋಸ್ಟಿಂಗ್‌ಗೆ ಮುಂಚಿನ ತಯಾರಿ ಸಾಮಾನ್ಯವಾಗಿ ಪಾಠದ ಪುನರಾವರ್ತನೆಯಿಂದ ಶುರುವಾಗುತ್ತದೆ. ಸ್ನಾಯುಗಳ ಹೆಸರು, ನರಗಳ ದಾರಿ, ಪಾರ್ಶ್ವವಾಯುವಿನ ಬಗೆಗಳು, ಕೀಲು ಎಷ್ಟು ಡಿಗ್ರಿ ಬಾಗಬೇಕು ಎಂಬ ಲೆಕ್ಕ. ಇವು ಬೇಕೇ ಬೇಕು. ಆದರೆ ಮೊದಲ ವಾರದಲ್ಲಿ ವಿದ್ಯಾರ್ಥಿ ಎಡವುವುದು ಇಲ್ಲಿ ಅಲ್ಲ. ಈ ಲೇಖಕಿ ತಂಡದಿಂದ ತಂಡಕ್ಕೆ ಕಂಡ ಎಡವಟ್ಟುಗಳು ಬಹುಪಾಲು ಮೂರೇ: ತಾನು ಯಾರೆಂದು ರೋಗಿಗೆ ಹೇಳಲು ಬಾರದಿರುವುದು, ಕಣ್ಣೆದುರು ನಡೆಯುತ್ತಿರುವುದನ್ನು ನೋಡದಿರುವುದು, ರೋಗಿ ಮಾಡಬಹುದಾದ ಕೆಲಸಕ್ಕೆ ತಾನೇ ಕೈಹಾಕುವುದು. ಮೂರಕ್ಕೂ ಪಠ್ಯಪುಸ್ತಕದಲ್ಲಿ ಅಧ್ಯಾಯವಿಲ್ಲ, ಪರೀಕ್ಷೆಯಲ್ಲಿ ಅಂಕವಿಲ್ಲ. ಆದ್ದರಿಂದ ತಯಾರಿಯಲ್ಲೂ ಅವುಗಳಿಗೆ ಜಾಗ ಸಿಗುವುದಿಲ್ಲ.

ಮೊದಲನೆಯದು ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಕನ್ನಡದಲ್ಲಿ ಈ ವೃತ್ತಿಗೆ ಔದ್ಯೋಗಿಕ ಚಿಕಿತ್ಸೆ ಎಂಬ ಹೆಸರು ಬಳಕೆಯಲ್ಲಿದೆ. ಅದನ್ನು ಕೇಳಿದ ರೋಗಿ, ಕೆಲಸ ಕೊಡಿಸುವವರು ಬಂದರು ಎಂದುಕೊಳ್ಳುತ್ತಾನೆ. ಎಪ್ಪತ್ತು ದಾಟಿದ ಅಜ್ಜನಿಗೆ ಉದ್ಯೋಗದ ಮಾತು ಯಾಕೆಂದು ಮನೆಯವರು ಹುಬ್ಬೇರಿಸುತ್ತಾರೆ. ಇಂಗ್ಲಿಷ್ ಹೆಸರು ಹೇಳಿದರೆ, ಓ ಫಿಸಿಯೋದವರಾ ಎಂಬ ಉತ್ತರ ಬರುತ್ತದೆ. ತಯಾರಿಯ ಮೊದಲ ದಿನವೇ ಪ್ರತಿ ವಿದ್ಯಾರ್ಥಿ ಎರಡು ವಾಕ್ಯದ ಪರಿಚಯವನ್ನು ಬಾಯಲ್ಲಿ ಕೂರಿಸಿಕೊಳ್ಳಬೇಕು. ಉದಾಹರಣೆಗೆ: ಊಟ, ಸ್ನಾನ, ಬಟ್ಟೆ ಉಡುವುದು, ಮನೆಗೆಲಸ, ಇವನ್ನೆಲ್ಲ ನೀವು ಮತ್ತೆ ನಿಮ್ಮ ಕೈಯಾರೆ ಮಾಡಿಕೊಳ್ಳುವಂತೆ ಸಹಾಯ ಮಾಡುವುದು ನಮ್ಮ ಕೆಲಸ, ನಾನು ಇನ್ನೂ ವಿದ್ಯಾರ್ಥಿ, ನನ್ನ ಮೇಡಂ ಜೊತೆಗಿರುತ್ತಾರೆ. ಎರಡನೆಯ ವಾಕ್ಯವನ್ನು ನುಂಗುವವರು ಬಹಳ. ವಿದ್ಯಾರ್ಥಿ ಎಂದರೆ ರೋಗಿ ಮುಟ್ಟಿಸಿಕೊಳ್ಳಲಾರ ಎಂಬ ಭಯ ಅದಕ್ಕೆ ಕಾರಣ. ವಾಸ್ತವದಲ್ಲಿ, ಕಲಿಯುತ್ತಿದ್ದೇನೆ ಎಂದು ನೇರವಾಗಿ ಹೇಳಿದವರನ್ನು ವಾರ್ಡಿನ ಅಜ್ಜಿಯರು ಮೊಮ್ಮಕ್ಕಳಂತೆ ಹತ್ತಿರ ಕೂರಿಸಿಕೊಳ್ಳುತ್ತಾರೆ. ಅಲ್ಲದೆ ತನ್ನನ್ನು ಮುಟ್ಟುತ್ತಿರುವವರು ಯಾರೆಂದು ತಿಳಿಯುವುದು ರೋಗಿಯ ಹಕ್ಕು.

ಭಾಷೆಯ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಮಣಿಪಾಲದಂಥ ಕಡೆ ಈ ಕೋರ್ಸಿಗೆ ಬೇರೆ ಬೇರೆ ರಾಜ್ಯಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರಿಗೆ ಕನ್ನಡವನ್ನು ಅಆದಿಂದಲೇ ಕಲಿಸಬೇಕು. ಆದರೆ ಕನ್ನಡದವರಿಗೂ ಪಾಠ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಬೆಳೆದ ಹುಡುಗಿ ಸ್ನಾನ ಹೇಗೆ ಮಾಡುತ್ತೀರಿ ಎಂದು ಕೇಳಿದರೆ, ಕಲಬುರಗಿಯ ಮುದುಕ ಜಳಕದ ಮಾತಾಡುತ್ತಾನೆ, ಕರಾವಳಿಯ ಅಮ್ಮ ಮೀಯುವುದರ ಬಗ್ಗೆ ಹೇಳುತ್ತಾಳೆ. ಪಾರ್ಶ್ವವಾಯು ಎಂಬುದು ಪುಸ್ತಕದ ಮಾತು. ಊರವರ ಬಾಯಲ್ಲಿ ಅದು ಲಕ್ವ ಹೊಡೆಯುವುದು, ಕೈ ಬಿದ್ದುಹೋಗುವುದು. ಜೋಮು ಹಿಡಿದಿದೆ ಎಂದರೆ ಸ್ಪರ್ಶದ ದೂರು; ಸೆಟೆದುಕೊಂಡಿದೆ ಎಂದರೆ ಬಿಗಿತದ ದೂರು. ಎರಡಕ್ಕೂ ಮಾಡುವ ಪರೀಕ್ಷೆ ಬೇರೆ ಬೇರೆ. ಮಲಮೂತ್ರದ ಪ್ರಶ್ನೆಗಳನ್ನು ನಾಚಿಕೆಯಾಗದಂತೆ ಕೇಳುವುದಂತೂ ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ. ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಹತ್ತಾರು ಸಲ ಕೇಳಿ, ನಕ್ಕು ಮುಗಿಸಿ, ಆಮೇಲೆ ವಾರ್ಡಿಗೆ ಹೋಗುವುದು ಒಳ್ಳೆಯದು.

ಎರಡನೆಯ ಎಡವಟ್ಟು, ನೋಡದಿರುವುದು. ಇದಕ್ಕೆ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಮಂಡ್ಯ ಕಡೆಯ ಹಳ್ಳಿಯ ಒಬ್ಬ ಹೆಂಗಸು, ಅರವತ್ತರ ಆಸುಪಾಸು. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಬಲಗೈ ಬಿದ್ದಿತ್ತು, ಮಾತು ಹೆಚ್ಚುಕಡಿಮೆ ನಿಂತಿತ್ತು. ನುಂಗಲು ತೊಂದರೆಯಿಲ್ಲ ಎಂದು ವಾಕ್ ಚಿಕಿತ್ಸಕರು ಖಚಿತಪಡಿಸಿದ್ದರು. ಮೊದಲ ಪೋಸ್ಟಿಂಗ್‌ನ ವಿದ್ಯಾರ್ಥಿನಿ ತರಗತಿಯಲ್ಲಿ ಕಲಿತಂತೆಯೇ ನಡೆದುಕೊಂಡಳು. ರೋಗಿಯನ್ನು ನೆಟ್ಟಗೆ ಕೂರಿಸಿ, ಮೇಜನ್ನು ಮೊಣಕೈ ಎತ್ತರಕ್ಕೆ ತಂದು, ಮೆದುವಾಗಿ ಕಲಸಿದ ಅನ್ನ ಸಾರಿನ ತಟ್ಟೆಯಿಟ್ಟು, ಆಕೆಯ ಎಡಗೈಯನ್ನು ತಟ್ಟೆಯತ್ತ ತಂದಳು. ಹೆಂಗಸು ಮುಖ ತಿರುಗಿಸಿದರು. ಮತ್ತೊಮ್ಮೆ ತಂದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಮೂರು ದಿನವೂ ಇದೇ ಆಯಿತು. ಟಿಪ್ಪಣಿ ಪುಸ್ತಕದಲ್ಲಿ ವಿದ್ಯಾರ್ಥಿನಿ ಬರೆದದ್ದು: ರೋಗಿ ಸಹಕರಿಸುತ್ತಿಲ್ಲ.

ಮೇಲ್ವಿಚಾರಕಿಯಾಗಿದ್ದ ಈ ಲೇಖಕಿ ಆ ಸಾಲನ್ನು ಓದಿ ಸಹಿ ಹಾಕಿದ್ದಳು. ತಪ್ಪು ಅಲ್ಲಿ ಇಬ್ಬರದೂ ಆಗಿತ್ತು, ದೊಡ್ಡ ಪಾಲು ಸಹಿ ಹಾಕಿದವಳದು. ನಾಲ್ಕನೆಯ ದಿನ ಊರಿಂದ ಬಂದ ಮಗಳು ನೋಡಿದ ತಕ್ಷಣ ಹೇಳಿದಳು: ನಮ್ಮವ್ವ ಎಡಗೈಲಿ ಅನ್ನ ಮುಟ್ಟಿದೋಳಲ್ಲ. ಜೀವಮಾನವಿಡೀ ಮನೆಮಂದಿಗೆ ಬಡಿಸಿದ ಹೆಂಗಸಿಗೆ, ಇಪ್ಪತ್ತು ಮಂದಿಯ ವಾರ್ಡಿನಲ್ಲಿ ಎಲ್ಲರೆದುರು ಎಡಗೈಯಿಂದ ತಿನ್ನಿ ಎಂದು ಹೇಳಲಾಗಿತ್ತು. ಬೇಡವೆನ್ನಲು ಆಕೆಗೆ ಮಾತಿರಲಿಲ್ಲ, ಸೆರಗಿತ್ತು. ಆಮೇಲೆ ಮೇಜನ್ನು ಗೋಡೆಯ ಕಡೆಗೆ ತಿರುಗಿಸಿ, ಎಡಗೈಗೆ ಹಿಡಿ ದಪ್ಪಗಿರುವ ಚಮಚ ಕೊಟ್ಟು, ಬಲಗೈಯನ್ನು ತಟ್ಟೆಯ ಅಂಚಿಗೆ ಒತ್ತಾಗಿ ಇರಿಸಲಾಯಿತು. ಬೆರಳು ಅನ್ನಕ್ಕೆ ತಾಗುವುದಿಲ್ಲ, ಬಲಗೈಯೂ ಊಟದಲ್ಲಿ ಪಾಲುಗೊಂಡಂತೆ ಆಯಿತು. ಆಕೆ ಬಹಳ ಹೊತ್ತು ಚಮಚವನ್ನೇ ನೋಡುತ್ತ ಕುಳಿತಿದ್ದರು. ಕೊನೆಗೆ ನಾಲ್ಕು ತುತ್ತು ತಿಂದರು.

ಈ ಪ್ರಸಂಗದಿಂದ ತಯಾರಿಯ ಪಾಠದಲ್ಲಿ ಒಂದು ಬದಲಾವಣೆ ಬಂತು. ಈಗ ವಿದ್ಯಾರ್ಥಿಗಳು ವಾರ್ಡಿಗೆ ಹೋಗುವ ಮೊದಲು ತಮ್ಮ ಮನೆಯಲ್ಲೇ ಒಬ್ಬರ ಒಂದು ಕೆಲಸವನ್ನು ಮೊದಲಿಂದ ಕೊನೆಯವರೆಗೆ, ಮಾತಾಡದೆ, ನೋಡಿ ಬರೆದು ತರುತ್ತಾರೆ. ಅಜ್ಜಿ ಮಜ್ಜಿಗೆ ಕಡೆಯುವುದು, ಅಪ್ಪ ಪಂಚೆ ಉಡುವುದು, ಅಮ್ಮ ಸೀರೆಯ ನೆರಿಗೆ ಹಿಡಿಯುವುದು. ಯಾವ ಕೈ ಮೊದಲು ಹೋಯಿತು, ಮೈ ಎತ್ತ ವಾಲಿತು, ಎಲ್ಲಿ ಉಸಿರು ಬಿಗಿಹಿಡಿದರು, ಯಾರಾದರೂ ಬಂದಾಗ ಕೈ ನಿಂತಿತೇ. ನೆರಿಗೆ ಹಿಡಿಯಲು ಒಂದು ಕೈ ಅಳೆಯುತ್ತದೆ, ಇನ್ನೊಂದು ಕೈ ಮಡಿಸಿದ್ದನ್ನು ಜಾರದಂತೆ ಕಾಯುತ್ತದೆ ಎಂಬುದನ್ನು ಕಂಡುಕೊಂಡವಳಿಗೆ, ಒಂದು ಕೈ ಬಿದ್ದ ಹೆಂಗಸಿಗೆ ಸೀರೆ ಯಾಕೆ ಬೆಟ್ಟವಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅಳತೆಪಟ್ಟಿಗಳನ್ನೂ ಇದೇ ಕಣ್ಣಿನಿಂದ ಕಲಿಸಬೇಕು. 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕ ಇಂದಿಗೂ ವಾರ್ಡುಗಳಲ್ಲಿ ಬಳಕೆಯಲ್ಲಿದೆ: ಹತ್ತು ಅಂಶ, ಒಟ್ಟು 100 ಅಂಕ. ಊಟ, ಸ್ನಾನ, ಉಡುಪು, ಮೆಟ್ಟಿಲು ಎಲ್ಲವೂ ಅದರಲ್ಲಿವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳುವುದಕ್ಕೆ ಅದರಲ್ಲಿ ಪ್ರತ್ಯೇಕ ಅಂಶವಿಲ್ಲ, ಕುಕ್ಕರಗಾಲಲ್ಲಿ ಕೂರುವುದಕ್ಕೂ ಇಲ್ಲ. ಆಸ್ಪತ್ರೆಯ ಕಮೋಡಿನಲ್ಲಿ ಪೂರ್ಣ ಅಂಕ ಪಡೆದವನು ಊರಿನ ಹಿತ್ತಿಲ ಶೌಚಾಲಯದಲ್ಲಿ ಏಳಲಾಗದೆ ಕೂಗಬಹುದು. ಅಂಕ ಬರೆದ ಮೇಲೆ, ಮನೆಯಲ್ಲಿ ಹೇಗಿದೆ ಎಂಬ ಒಂದು ಪ್ರಶ್ನೆಯನ್ನು ಕಡ್ಡಾಯವಾಗಿ ಕೇಳುವ ರೂಢಿ ಮಾಡಿಸಬೇಕು.

ಸುರಕ್ಷತೆಯ ವಿಷಯದಲ್ಲಿ ಸಡಿಲಿಕೆ ಕೂಡದು. ಗಾಲಿಕುರ್ಚಿಯ ಎರಡೂ ಬ್ರೇಕು ಹಾಕಿ, ಕಾಲಿಡುವ ಹಲಗೆ ಮಡಚಿ, ಆಮೇಲೆ ರೋಗಿಯನ್ನು ಏಳಿಸಬೇಕು. ಬಹಳ ದಿನ ಮಲಗಿದ್ದವರನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯುತ್ತದೆ. ಮೂರು ನಿಮಿಷದೊಳಗೆ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದು ಎಚ್ಚರಿಕೆಯ ಗಂಟೆ. ಸೋತ ಕೈಯನ್ನು ಹಿಡಿದು ಎಂದೂ ಎಳೆಯಬಾರದು; ಸ್ನಾಯುವಿನ ಆಸರೆ ತಪ್ಪಿದ ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಇವನ್ನು ವಿದ್ಯಾರ್ಥಿಗಳು ಪರಸ್ಪರರ ಮೇಲೆ ಮಾಡಿ ಮಾಡಿ ಕೈಗೆ ರೂಢಿ ಮಾಡಿಕೊಳ್ಳಬೇಕು. ಉಗುರು ಕತ್ತರಿಸಿರಬೇಕು, ಬಳೆ ಗಡಿಯಾರ ತೆಗೆದಿಟ್ಟಿರಬೇಕು, ಪ್ರತಿ ರೋಗಿಯ ಮುಂಚೆ ಮತ್ತು ನಂತರ ಕೈ ತೊಳೆಯಬೇಕು. ರೋಗಿಯ ಫೋಟೊ ವಿದ್ಯಾರ್ಥಿಯ ಮೊಬೈಲಿನಲ್ಲಿ ಇರಬಾರದು.

ಮೂರನೆಯ ಎಡವಟ್ಟು ಎಲ್ಲಕ್ಕಿಂತ ಗಟ್ಟಿ, ಯಾಕೆಂದರೆ ಅದು ಒಳ್ಳೆಯತನದ ವೇಷದಲ್ಲಿ ಬರುತ್ತದೆ. ರೋಗಿ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದಾನೆ. ವಿದ್ಯಾರ್ಥಿಯ ಕೈ ತಾನಾಗಿ ಮುಂದೆ ಹೋಗುತ್ತದೆ. ಕಾಯುವುದನ್ನು ಕಲಿಸಲು ಉಪಯೋಗಕ್ಕೆ ಬಂದ ಅಭ್ಯಾಸ ಒಂದಿದೆ. ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ವಿದ್ಯಾರ್ಥಿ ತನ್ನ ಬಲಗೈಯನ್ನು ಕಟ್ಟಿಕೊಂಡು ಇರಬೇಕು, ಮಧ್ಯಾಹ್ನ ಜೊತೆಗಾರರು ಊಟ ಮಾಡಿಸಬೇಕು. ಇದರಿಂದ ಪಾರ್ಶ್ವವಾಯು ಎಂದರೇನೆಂದು ತಿಳಿಯಿತು ಎಂದು ಯಾರೂ ಭಾವಿಸಬಾರದು. ಊಟ ಮುಗಿದ ಮೇಲೆ ಕಟ್ಟು ಬಿಚ್ಚುವ ಸೌಭಾಗ್ಯ ರೋಗಿಗಿಲ್ಲ. ತಿಳಿಯುವುದು ಸಹಾಯ ಮಾಡುವವರ ಅವಸರ. ಬಾಯಲ್ಲಿ ತುತ್ತಿರುವಾಗಲೇ ಮುಂದಿನ ಚಮಚ ತುಟಿಗೆ ಬಂದು ನಿಲ್ಲುವುದು, ಬೇಕಾದದ್ದು ಪಲ್ಯ ಆದರೂ ಬರುವುದು ಅನ್ನ. ಈ ಊಟವಾದ ಮೇಲೆ ವಿದ್ಯಾರ್ಥಿಗಳ ಕೈಯ ವೇಗ ತಾನಾಗಿ ತಗ್ಗುತ್ತದೆ.

ಕಾಯುವುದು ಮನೆಯವರಿಗೆ ಇನ್ನೂ ಕಷ್ಟ. ಅತ್ತೆ ತಾನೇ ಕುಪ್ಪಸ ತೊಡಲು ಹೆಣಗುವಾಗ ಸೊಸೆ ಸುಮ್ಮನೆ ನಿಂತರೆ, ಪಕ್ಕದ ಹಾಸಿಗೆಯವರು ಏನಂದುಕೊಂಡಾರು? ನಮ್ಮಲ್ಲಿ ಸೇವೆ ಎಂದರೆ ಕೈಗೆ ಕೈ ಕೊಡುವುದು. ಕೈ ಹಿಂದೆ ಕಟ್ಟಿ ನಿಲ್ಲುವುದೂ ಸೇವೆ ಎಂದು ಒಪ್ಪಿಸುವುದು ಸುಲಭವಲ್ಲ. ವಿದ್ಯಾರ್ಥಿ ಉಪದೇಶ ಮಾಡಿದರೆ ಸೊಸೆಗೆ ಅವಮಾನ, ಸುಮ್ಮನಿದ್ದರೆ ರೋಗಿಗೆ ನಷ್ಟ. ಸೊಸೆಗೆ ಒಂದು ಕೆಲಸ ಕೊಡುವುದೇ ಉಪಾಯ: ಸೋತ ಕೈ ತೋಳಿನೊಳಗೆ ಹೋಗುವವರೆಗೆ ಮಾತ್ರ ನೀವು ಹಿಡಿಯಿರಿ, ಉಳಿದದ್ದು ಅತ್ತೆಗೆ ಬಿಡಿ. ಪಾಲು ಹಂಚಿದಾಗ ಪ್ರೀತಿಗೂ ಜಾಗವಿರುತ್ತದೆ, ಕಲಿಕೆಗೂ ಜಾಗವಿರುತ್ತದೆ. ಈ ಮಾತುಕತೆಯನ್ನು ತರಗತಿಯಲ್ಲಿ ಪಾತ್ರ ಹಾಕಿಸಿ ಆಡಿಸದೆ ವಿದ್ಯಾರ್ಥಿಯನ್ನು ವಾರ್ಡಿಗೆ ಕಳಿಸುವುದು ಅನ್ಯಾಯ.

ಟಿಪ್ಪಣಿ ಬರೆಯುವ ಕ್ರಮ ಎಲ್ಲೆಡೆ ಬಹುತೇಕ ಒಂದೇ: ರೋಗಿ ಹೇಳಿದ್ದು, ತಾನು ಕಂಡದ್ದು, ಅದರಿಂದ ತಿಳಿದದ್ದು, ಮುಂದೆ ಮಾಡಬೇಕಾದದ್ದು. ಮೇಲೆ ಹೇಳಿದ ಪ್ರಸಂಗದ ನಂತರ ಸಹಕರಿಸುತ್ತಿಲ್ಲ ಎಂಬ ಪದವನ್ನು ಈ ಲೇಖಕಿಯ ತಂಡಗಳಲ್ಲಿ ನಿಷೇಧಿಸಲಾಗಿದೆ. ಅದು ಕಂಡದ್ದಲ್ಲ, ತೀರ್ಪು. ಕಂಡದ್ದು: ಎಡಗೈಯನ್ನು ತಟ್ಟೆಗೆ ತಂದಾಗ ಮುಖ ತಿರುಗಿಸಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಹೀಗೆ ಬರೆದಿದ್ದರೆ ಮೊದಲ ದಿನವೇ ಯಾಕೆ ಎಂಬ ಪ್ರಶ್ನೆ ಏಳುತ್ತಿತ್ತು.

ಮಾನಸಿಕ ಆರೋಗ್ಯ ಮತ್ತು ಮಕ್ಕಳ ವಿಭಾಗದ ಪೋಸ್ಟಿಂಗ್‌ಗೆ ಬೇರೆ ತಯಾರಿಯೇ ಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಪುನರ್ವಸತಿಗೆ ಬಂದವರ ಜೊತೆ ಇಡೀ ದಿನ ಕುಳಿತು ಕೆಲಸ ಮಾಡುವುದಕ್ಕೂ ವಾರ್ಡಿನ ಅರ್ಧ ಗಂಟೆಗೂ ಹೋಲಿಕೆಯಿಲ್ಲ. ರೋಗಿಯ ವಿವರ ಹೊರಗೆ ಹೋಗದಂತೆ ಕಾಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಕಾನೂನಿನ ಕರ್ತವ್ಯವೂ ಹೌದು ಎಂಬುದನ್ನು ವಿದ್ಯಾರ್ಥಿ ಮೊದಲೇ ತಿಳಿದಿರಬೇಕು.

ಮೇಲ್ವಿಚಾರಕರಿಗೂ ತಯಾರಿ ಬೇಕು. ರೋಗಿಯ ಎದುರೇ ವಿದ್ಯಾರ್ಥಿಯನ್ನು ಗದರುವ ರೂಢಿ ಇನ್ನೂ ಹಲವೆಡೆ ಉಳಿದಿದೆ. ಗದರಿಸಿಕೊಂಡವಳು ಮರುದಿನದಿಂದ ಪ್ರಶ್ನೆ ಕೇಳುವುದನ್ನು ಬಿಡುತ್ತಾಳೆ. ತಪ್ಪುಗಳು ಮುಚ್ಚಿಹೋಗುತ್ತವೆ, ಅಪಾಯ ರೋಗಿಗೆ. ದಿನದ ಕೊನೆಗೆ ಹತ್ತು ನಿಮಿಷ, ಬಾಗಿಲು ಹಾಕಿದ ಕೋಣೆಯಲ್ಲಿ, ಇಂದು ಏನು ಕಂಡೆ, ಯಾವುದು ತಿಳಿಯಲಿಲ್ಲ, ನಾಳೆ ಏನು ಮಾಡುತ್ತೀ ಎಂಬ ಮೂರು ಪ್ರಶ್ನೆ ಸಾಕು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎನ್ನುವ ಮಾತನ್ನು ಮೇಲ್ವಿಚಾರಕರೇ ರೋಗಿಯ ಮುಂದೆ ಒಮ್ಮೆ ಆಡಿ ತೋರಿಸಿದರೆ ವಿದ್ಯಾರ್ಥಿಯ ಅರ್ಧ ಭಯ ಹೋಗುತ್ತದೆ. ಅವಧಿಯ ನಡುವೆ ಒಂದು ಮೌಲ್ಯಮಾಪನ ಆಗಿರಲೇಬೇಕು. ತಾನು ಸೋಲುತ್ತಿದ್ದೇನೆ ಎಂಬುದು ಕೊನೆಯ ದಿನ ತಿಳಿಯುವುದು ನ್ಯಾಯವಲ್ಲ.

ಪೋಸ್ಟಿಂಗ್ ಮುಗಿಸಿ ಹೊರಡುವುದೂ ಕಲಿಯಬೇಕಾದ ಸಂಗತಿ. ದಿನವೂ ಬರುತ್ತಿದ್ದ ಹುಡುಗಿ ಸೋಮವಾರ ಏಕಾಏಕಿ ಕಾಣದಿದ್ದರೆ ರೋಗಿ ತನ್ನಿಂದ ಏನೋ ತಪ್ಪಾಯಿತು ಎಂದುಕೊಳ್ಳುತ್ತಾನೆ. ಹೊರಡುವ ದಿನವನ್ನು ವಾರದ ಮೊದಲೇ ತಿಳಿಸಬೇಕು, ಮುಂದೆ ಬರುವವರನ್ನು ಕರೆತಂದು ಪರಿಚಯಿಸಬೇಕು.

ಈ ಬರಹ ಓದುವವರಲ್ಲಿ ಹಲವರು ಒಂದಲ್ಲ ಒಂದು ದಿನ ಆಸ್ಪತ್ರೆಯ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕುಳಿತಿರುತ್ತಾರೆ. ಬಿಳಿ ಕೋಟಿನ ಎಳೆಯ ಹುಡುಗಿಯೊಬ್ಬಳು ಬಂದು, ನಾನು ವಿದ್ಯಾರ್ಥಿ, ಅಮ್ಮ ತಾವೇ ತಿನ್ನಲಿ, ಸ್ವಲ್ಪ ಕಾಯೋಣ ಎಂದರೆ, ದಯವಿಟ್ಟು ಚಮಚವನ್ನು ಕೆಳಗಿಟ್ಟು ಅವಳಿಗೆ ಹತ್ತು ನಿಮಿಷ ಕೊಡಿ.