ಪೂರ್ವಜರ ಆಸ್ತಿ, ಸದ್ಭಕ್ತನ ಹೊಣೆ

ಊರಿನ ಹಳೆಯ ಗುಡಿಯನ್ನು ಜನರು ಎರಡು ಬಗೆಯಾಗಿ ಕಾಣುವುದುಂಟು. ಕೆಲವರು ಎಣ್ಣೆ ಸುರಿದು, ಕುಂಕುಮ ಹಚ್ಚಿ, ಕೈಮುಗಿದು ಹೊರಟುಹೋಗುತ್ತಾರೆ. ಮತ್ತೆ ಕೆಲವರು, ಈ ಕಲ್ಲಿನಿಂದ ಹೊಟ್ಟೆ ತುಂಬೀತೆ ಎಂದು ಅದರ ಕಂಬವನ್ನು ಹಿತ್ತಿಲ ಗೋಡೆಗೆ ಒಯ್ಯುತ್ತಾರೆ. ಒಬ್ಬರದು ಅರಿವಿಲ್ಲದ ಭಕ್ತಿ, ಇನ್ನೊಬ್ಬರದು ಅರಿವಿಲ್ಲದ ಲೆಕ್ಕ. ಕಲ್ಲಿನ ಮೇಲಣ ಅಕ್ಷರವನ್ನು ಇಬ್ಬರೂ ಓದಲಿಲ್ಲ.

ಇಲ್ಲಿ ಲಿಂಗವಂತ ಗೃಹಸ್ಥನಿಗೆ ಸಂದೇಹವೊಂದು ಹುಟ್ಟುವುದು ಸಹಜ. ಸ್ಥಾವರಕ್ಕಿಂತ ಜಂಗಮವನ್ನೇ ಶರಣರು ಹಿರಿದೆಂದು ಎಣಿಸಿದರು. ಅಂಗದ ಮೇಲೆ ಇಷ್ಟಲಿಂಗವಿರುವಾಗ ಪಾಳು ಗುಡಿಯ ಚಿಂತೆ ತನಗೇಕೆಂದು ಅವನು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಶರಣರು ಅಲ್ಲಗಳೆದುದು ದೇವರನ್ನು ಕಲ್ಲಿನಲ್ಲಿ ಕಟ್ಟಿಹಾಕುವ ಮೌಢ್ಯವನ್ನು, ಕಟ್ಟಿಸಿದೆನೆಂಬ ಸಿರಿವಂತರ ಅಹಂಕಾರವನ್ನು. ಕಲ್ಲು ಕಡೆದವನ ಕಾಯಕವನ್ನಲ್ಲ. ಗದಗಿನ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳಲ್ಲಿ ಶಿಲ್ಪಿಯ ಏಕಾಗ್ರತೆ ಇಂದಿಗೂ ಕಣ್ಣಿಗೆ ಕಾಣುತ್ತದೆ. ಹೊಯ್ಸಳ ಇಮ್ಮಡಿ ಬಲ್ಲಾಳನ ೧೧೯೨ರ ಶಾಸನ ತ್ರಿಕೂಟೇಶ್ವರನಿಗೆ ಇತ್ತ ದತ್ತಿಯನ್ನು ಹೇಳುತ್ತದೆ. ಇಂಥ ದತ್ತಿಗಳ ಉದ್ದೇಶ ಪೂಜೆಯೊಂದೇ ಆಗಿರಲಿಲ್ಲ. ಜೀರ್ಣೋದ್ಧಾರ, ಅನ್ನದಾನ, ವಿದ್ಯಾದಾನಗಳೂ ಅದರಲ್ಲಿ ಸೇರಿರುತ್ತಿದ್ದವು. ಸ್ಥಾವರವು ದೇವರಲ್ಲದಿರಬಹುದು, ಕಾಯಕದ ಗುರುತೂ ದಾಸೋಹದ ಲೆಕ್ಕವೂ ಅದರಲ್ಲಿ ಉಳಿದಿವೆ.

ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ. ೯ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಈ ಊರನ್ನು ಹೆಸರಿಸುತ್ತದೆ. ಶರಣ ಆದಯ್ಯನು ಸೌರಾಷ್ಟ್ರದ ಸೋಮನಾಥನನ್ನು ಇಲ್ಲಿಗೆ ತಂದ ಕಥೆಯನ್ನು ರಾಘವಾಂಕನು ಸೋಮನಾಥಚಾರಿತ್ರದಲ್ಲಿ ಹೇಳಿದನು. ಆ ಕಥೆಯಲ್ಲಿ ಮತಗಳ ಕಲಹವೂ ಇದೆ. ಹಾಗಿದ್ದೂ ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಮಸೀದಿ ಮೂರೂ ಒಂದೇ ಊರಿನಲ್ಲಿ ನಿಂತಿವೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಹಿಂದಿನವರ ಜಗಳವನ್ನೂ ಒಡನಾಟವನ್ನೂ ಕೂಡಿಯೇ ಅರಿತವನಿಗೆ ನೆರೆಯವನೊಡನೆ ಬಾಳುವ ವಿವೇಕ ಬರುತ್ತದೆ. ಸಮಾಜಕ್ಕೆ ಪರಂಪರೆಯಿಂದಾಗುವ ದೊಡ್ಡ ಪ್ರಯೋಜನವಿದು.

ವಚನಗಳ ತಾಡೋಲೆಗಳಿಗೂ ಒಮ್ಮೆ ಇದೇ ಗತಿಯಿತ್ತು. ಮನೆ ಮಠಗಳಲ್ಲಿ ಗಂಟಾಗಿ ಕುಳಿತು ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳ. ಫ. ಗು. ಹಳಕಟ್ಟಿಯವರು ಅವನ್ನು ಅರಸಿ ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಗಂಟು ಬಿಚ್ಚದಿದ್ದರೆ ಪೂಜೆ ನಡೆಯುತ್ತಲೇ ಇರುತ್ತಿತ್ತು, ಗೆದ್ದಲೂ ತಿನ್ನುತ್ತಲೇ ಇರುತ್ತಿತ್ತು.

ಪರಂಪರೆಯು ಕಲ್ಲು ಓಲೆಗಳಲ್ಲಿ ಮಾತ್ರವಿಲ್ಲ. ಮುಂಡರಗಿಯ ಅನ್ನದಾನೀಶ್ವರ ಮಠದ ಹೆಸರೇ ದಾಸೋಹವನ್ನು ನೆನಪಿಸುತ್ತದೆ; ಬೆಟಗೇರಿಯ ನೇಕಾರನ ಮಗ್ಗವೂ ಹಿರಿಯರಿಂದ ಬಂದ ಕಾಯಕವೇ. ನಡೆಸಿದರೆ ಉಳಿಯುವಂಥವು ಇವು, ಇದೇ ಜಂಗಮ.

ಆದುದರಿಂದ ಸದ್ಭಕ್ತನು ಶಾಸನದ ಕಲ್ಲಿಗೆ ಎಣ್ಣೆಯನ್ನಾಗಲಿ ಬಣ್ಣವನ್ನಾಗಲಿ ಬಳಿಯಬಾರದು. ಅದನ್ನು ಕಟ್ಟಡಕ್ಕೆ ಬಳಸಬಾರದು. ಹೊಲದಲ್ಲಿ ಹಳೆಯ ಕಲ್ಲು ದೊರೆತರೆ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಮನೆಯ ಓಲೆಯ ಕಟ್ಟನ್ನು ಬಲ್ಲವರಿಂದ ಓದಿಸಬೇಕು. ಮಕ್ಕಳನ್ನು ಗುಡಿಗೆ ಕರೆದೊಯ್ದಾಗ ಕೈಮುಗಿಸುವುದರೊಡನೆ ಅಲ್ಲಿಯ ಅಕ್ಷರವನ್ನೂ ತೋರಿಸಬೇಕು. ಅರಿವು ಕೂಡಿದ ಆಚಾರವೇ ಹಿರಿಯರಿಗೆ ಸಲ್ಲುವ ನಿಜವಾದ ಗೌರವ.